ಇಲ್ಲ ಎನ್ನಲು ಕಲಿತ ಸೆಮಿಸ್ಟರ್

ಚೆನ್ನೈಯ ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನನ್ನ ಅಪ್ಪ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದರು. ಅಷ್ಟು ವರ್ಷಗಳಲ್ಲಿ ಒಬ್ಬ ಗಿರಾಕಿಗೂ ಅವರು ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಪೊಂಗಲ್ ಮುಗಿದ ಹೊತ್ತಿಗೆ ಸಿನಿಮಾ ಸ್ಟುಡಿಯೋದ ಲೈಟಿನ ಕೆಲಸದವರು ಬಂದು ಪೊಂಗಲನ್ನೇ ಕೇಳುತ್ತಿದ್ದರು. ಅಪ್ಪ ಟೇಬಲ್ ಒರೆಸುತ್ತಲೇ "ಇಡ್ಲಿ ಸೂಡಾ ಇರುಕ್ಕು ಸಾರ್" ಎನ್ನುತ್ತಿದ್ದರು. ಇಡ್ಲಿ ಬಿಸಿಯಾಗಿದೆ ಎಂದರೆ ಪೊಂಗಲ್ ಖಾಲಿಯಾಗಿದೆ ಎಂದರ್ಥ. ಬಂದವರಿಗೂ ಅದು ಗೊತ್ತಿತ್ತು, ಇಡ್ಲಿ ತಿಂದು ಹೋಗುತ್ತಿದ್ದರು. ಇಲ್ಲ ಎಂಬ ಮಾತು ಹೋಟೆಲಿನೊಳಗೆ ಬಂದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ಉಡುಪಿ ಕಡೆಯಿಂದ ಬಂದ ಧಣಿಗಳ ನಂಬಿಕೆ. ಅಪ್ಪನಿಗೆ ಅದು ಮರ್ಯಾದೆಯ ವಿಷಯ.

ಶಾಲೆ ಬಿಟ್ಟ ಮೇಲೆ, ಅಮ್ಮ ಕೆಲಸದಿಂದ ಬರುವ ತನಕ, ನಾನು ಆ ಹೋಟೆಲಿನ ಮೂಲೆಯ ಟೇಬಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ಗಣಿತ ಎಷ್ಟು ತಲೆಗೆ ಹತ್ತಿತೋ ದೇವರೇ ಬಲ್ಲ, ಈ ವಿದ್ಯೆ ಮಾತ್ರ ಚೆನ್ನಾಗಿ ಹತ್ತಿತು. ಗೆಳತಿ ಸೈಕಲ್ ಕೇಳಿದರೆ "ಪಂಪ್ ಇದೆ, ಬೇಕಾ?" ಎನ್ನುವ ಪೈಕಿ ನಾನು. ಕ್ರೋಂಪೇಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಬರುವವರೆಗೂ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆ ವರ್ಷ ನಮ್ಮ ಕಾಲೇಜು ಪೋಲೆಂಡಿನ ಒಂದು ವಿಶ್ವವಿದ್ಯಾಲಯದ ಜೊತೆ ಸೇರಿ ಆನ್‌ಲೈನ್ ಕೋರ್ಸೊಂದನ್ನು ಶುರುಮಾಡಿತು. ಇಲ್ಲಿಯ ಒಬ್ಬರು, ಅಲ್ಲಿಯ ಒಬ್ಬರು ಜೋಡಿಯಾಗಿ ಒಂದೇ ವಿಷಯದಲ್ಲಿ ತಂತಮ್ಮ ಭಾಗ ತಯಾರಿಸಿ, ಕೊನೆಗೆ ಎರಡೂ ತರಗತಿಗಳ ಎದುರು ಮಂಡಿಸಬೇಕು. ನಮಗೆ ಅದು ಸರ್ಟಿಫಿಕೇಟು ಸಿಗುವ ಹೆಚ್ಚುವರಿ ಕೋರ್ಸು, ಅವರಿಗೆ ಪಾಸಾಗಲೇಬೇಕಾದ ಪೇಪರು. ನನ್ನ ಮತ್ತು ನನ್ನ ಜೊತೆಗಾತಿಯ ವಿಷಯ, ಕಾರ್ಖಾನೆಯ ಕೆಲಸಗಾರರ ಮಧ್ಯಾಹ್ನದ ಊಟ. ಅವಳು ತನ್ನೂರಿನ ಆರು ಮಂದಿಯನ್ನು ಮಾತಾಡಿಸಬೇಕು, ನಾನು ನಮ್ಮೂರಿನ ಕಾರ್ಖಾನೆಗಳೆಲ್ಲ ಇರುವ ಅಂಬತ್ತೂರಿನ ಆರು ಮಂದಿಯನ್ನು.

ಮೊದಲ ದಿನವೇ ಅವಳು, ಮನೆಯೊಳಗೂ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದವಳು, ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು: "ನಾನು ಈ ಪೇಪರಿನಲ್ಲಿ ಒಮ್ಮೆ ಫೇಲಾಗಿದ್ದೇನೆ. ಈ ಸಲವೂ ಆದರೆ ಒಂದು ವರ್ಷ ಹೋಗುತ್ತದೆ. ನಿನ್ನಿಂದ ಆಗದ್ದು ಏನಾದರೂ ಇದ್ದರೆ ಮೊದಲೇ ಹೇಳು."

ನನಗೆ ದಿಗಿಲಾಯಿತು. ನಮ್ಮಲ್ಲಿ ಫೇಲಾದವರು ಅದನ್ನು ಸ್ವಂತ ಅಜ್ಜಿಗೂ ಹೇಳುವುದಿಲ್ಲ. ನಾನು ನಾಲ್ಕು ಸಲ ಓಕೆ ಎಂದೆ.

ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಭೇಟಿ, ಅವಳಿಗದು ಮಧ್ಯಾಹ್ನದ ಮೊದಲು. ಅವಳು ಬ್ರೆಡ್ಡಿನ ಮೇಲೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇಟ್ಟುಕೊಂಡು ತಿನ್ನುತ್ತಿದ್ದಳು. ನಾನು ಅಪ್ಪ ತಂದ ಬನ್ಸ್ ತಿನ್ನುತ್ತಿದ್ದೆ. ಅದರಲ್ಲಿ ಬಾಳೆಹಣ್ಣು ಇದೆ ಎಂದರೆ ಅವಳು ನಂಬಲೇ ಇಲ್ಲ, ಮುರಿದು ಒಳಗಡೆ ತೋರಿಸು ಎಂದಳು. ಒಂದು ದಿನ ಲ್ಯಾಪ್‌ಟಾಪನ್ನು ಕಿಟಕಿಯ ಕಡೆ ತಿರುಗಿಸಿ ಹಿಮ ಬೀಳುವುದನ್ನು ತೋರಿಸಿದಳು. ಮರ್ಯಾದೆಗೆ ನಾನೂ ತಿರುಗಿಸಿದೆ. ಎದುರು ಮನೆಯವರು ಒಣಹಾಕಿದ್ದ ಎಂಟು ಜೀನ್ಸ್ ಪ್ಯಾಂಟು, ಆಚೆ ಮೆಟ್ರೋದ ಕಂಬ. ಅವಳು ತುಂಬಾ ಹೊತ್ತು ನೋಡಿ, "ಎಷ್ಟು ಬಿಸಿಲು" ಎಂದಳು. ಈಗ ನನ್ನ ಆಫೀಸಿನಲ್ಲಿ ದಿನಕ್ಕೆ ಮೂರು ದೇಶದವರ ಜೊತೆ ಮೀಟಿಂಗು ನಡೆಯುತ್ತದೆ. ಎಲ್ಲರೂ ಬೆನ್ನ ಹಿಂದಿನದನ್ನು ಮಸುಕು ಮಾಡಿಕೊಂಡು ಕೂರುತ್ತಾರೆ. ಯಾರ ಮನೆಯ ಕಿಟಕಿಯಾಚೆ ಏನಿದೆ ಎಂದು ಯಾರಿಗೂ ಬೇಕಿಲ್ಲ. ಆ ಶನಿವಾರಗಳು ನನಗೆ ಎಷ್ಟು ಬೇಕಾಗಿದ್ದವೆಂದು ಈಗ ಗೊತ್ತಾಗುತ್ತಿದೆ.

ಅಂಬತ್ತೂರಿಗೆ ನಾನು ಎರಡು ಸಲ ಹೋದೆ. ಕಾರ್ಖಾನೆಯ ಗೇಟಿನ ಸೆಕ್ಯುರಿಟಿಯವನು ಕಾಲೇಜಿನ ಪತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, "ಉಳ್ಳೆ ವಿಡಮಾಟ್ಟಾಂಗಮ್ಮಾ" ಎಂದ. ಒಳಗೆ ಬಿಡುವುದಿಲ್ಲವಂತೆ. ಎರಡನೇ ಸಲ ಪತ್ರವನ್ನೂ ನೋಡಲಿಲ್ಲ. ಹೊರಗೆ ಟೀ ಅಂಗಡಿಯ ಮುಂದೆ ನಿಂತಿದ್ದವರನ್ನು ಮಾತಾಡಿಸಬಹುದಿತ್ತು. ನಾಚಿಕೆಯಾಗಿ ಬಸ್ಸು ಹತ್ತಿ ಬಂದುಬಿಟ್ಟೆ.

"ಆರು ಮಂದಿ ಆಯಿತಾ?" ಎಂದು ಶನಿವಾರ ಅವಳು ಕೇಳಿದಳು.

"ಅಪ್ಪನ ಹೋಟೆಲಿನ ಅಡುಗೆ ಭಟ್ಟರ ಜೊತೆ ಮಾತಾಡಿದೆ. ಬಹಳ ಚೆನ್ನಾಗಿ ಬಂದಿದೆ" ಎಂದೆ.

"ಒಳ್ಳೆಯದು, ಅದೂ ಇರಲಿ. ಅಂಬತ್ತೂರು?"

"ಹೋಗಿ ಬಂದೆ. ದೊಡ್ಡ ಜಾಗ."

ಒಂದೂ ಸುಳ್ಳಲ್ಲ. ನನ್ನ ಪ್ರಕಾರ ನಾನು ಹೇಳಿಯಾಗಿತ್ತು. ವಡಪಳನಿಯ ಯಾವ ಗಿರಾಕಿಗಾದರೂ ಅಷ್ಟರಲ್ಲೇ ಅರ್ಥವಾಗುತ್ತಿತ್ತು. ಅವಳು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿಕೊಂಡಳು. ಆ ಟಿಕ್ ನನಗೆ ಕಂಡಿತ್ತು ಕೂಡ. ನಾನು ಬಾಯಿ ಬಿಡಲಿಲ್ಲ.

ಮಂಡಿಸುವ ದಿನ ಅವಳು ತನ್ನ ಭಾಗವನ್ನು ಚೊಕ್ಕವಾಗಿ ಮುಗಿಸಿದಳು. ಆಮೇಲೆ 'ಅಂಬತ್ತೂರು: ಆರು ಮಂದಿ' ಎಂಬ ಸ್ಲೈಡು ಹಾಕಿ, "ಇನ್ನು ಚೆನ್ನೈಯ ನನ್ನ ಗೆಳತಿ" ಎಂದಳು. ನಾನು ಭಟ್ಟರು ಸಾಂಬಾರಿಗೆ ಮಸಾಲೆ ಹುರಿಯುವುದನ್ನು ವಿವರಿಸತೊಡಗಿದೆ. ಅವಳ ಪ್ರೊಫೆಸರು ಕೈ ಎತ್ತಿ ತಡೆದು, "ಕಾರ್ಖಾನೆಯ ಆರು ಮಂದಿ ಎಲ್ಲಿ?" ಎಂದು ಕೇಳಿದರು. ಹೋಟೆಲಿಗೂ ಕೆಲಸದವರು ಬರುತ್ತಾರೆ ಎಂದೆ. ಅವರು ಅದೇ ಪ್ರಶ್ನೆಯನ್ನು ಅವಳಿಗೆ ಕೇಳಿದರು. ಅವಳ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. "ನನಗೆ ಗೊತ್ತಿಲ್ಲ" ಎಂದಳು. ಎರಡೂ ಕಡೆ ಸೇರಿ ಅರವತ್ತು ಮಂದಿ ಅದನ್ನು ನೋಡುತ್ತಿದ್ದರು.

ಮರುದಿನ ಅವಳಿಂದ ಒಂದು ಮೆಸೇಜು ಬಂತು. "ಆರರಲ್ಲಿ ಒಬ್ಬರನ್ನಾದರೂ ಮಾತಾಡಿಸಿದೆಯಾ? ಹೌದು ಅಥವಾ ಇಲ್ಲ, ಅಷ್ಟೇ ಬರೆ."

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಸಲ ಹೇಳಿದರೂ ಅರ್ಥವಾಗದ ಇವಳೆಂಥ ಮಂಕು ಎಂದು ಬೈದುಕೊಂಡೆ. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಅಪ್ಪ ವಿಶ್ರಾಂತಿಗೆ ಮನೆಗೆ ಬಂದರು.

"ಎಂತ ಮಗಾ, ಮುಖ ಸಣ್ಣ ಮಾಡಿ ಕೂತಿದ್ದಿ?"

ಎಲ್ಲವನ್ನೂ ಹೇಳಿದೆ. "ನಾನ್ ಇಲ್ಲಾಂತ ಸ್ಟ್ರೈಟಾ ಹೇಳ್ಲಿಲ್ಲ, ಅವ್ಳವ್ತಾಂಪ್ಪಾ, ಅಷ್ಟೇ. ನೀವೂ ಹಾಗೇ ತಾನೇ ಮಾಡೋದು?"

ಅಪ್ಪ ಶರ್ಟು ಕಳಚಿ ಮೊಳೆಗೆ ಹಾಕಿದರು. ನನ್ನ ಪರವಾಗಿ ಮಾತಾಡುತ್ತಾರೆ ಎಂದುಕೊಂಡಿದ್ದೆ.

"ಇಡ್ಲಿ ಬೇಡ ಅಂತಾದ್ರೆ ಗಿರಾಕಿ ಎದ್ದು ಪಕ್ಕದ ಹೋಟ್ಲಿಗೆ ಹೋಗ್ತಾನೆ. ಆ ಹುಡುಗಿ ಎಲ್ಲಿಗೆ ಹೋಗುದು? ಅವಳಿಗೆ ಇದ್ದದ್ದು ನೀನೊಬ್ಳೇ ಅಲ್ವಾ?" ಎಂದರು. ಮೂಲೆಯ ಚಾಪೆ ಎತ್ತಿಕೊಂಡು, "ನಿಂಗೆ ನಾನು ದಿನಕ್ಕೆ ಹತ್ತು ಸಲ ಇಲ್ಲ ಅಂತೇನೆ. ನಮ್ಮವ್ರಿಗೆ ಹೇಳ್ಲಿಕ್ಕೇ ಅಲ್ವಾ ಅದು ಇರುದು? ನೀನು ಅವಳನ್ನ ಗಿರಾಕಿ ಮಾಡಿದ್ದಿ" ಎಂದರು.

ಅಷ್ಟು ಹೇಳಿ ಅದನ್ನು ಹಾಸಿ ಮಲಗಿದರು. ನನಗೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ನಾನು ಬರೆದೆ: "ಇಲ್ಲ. ಒಬ್ಬರನ್ನೂ ಮಾತಾಡಿಸಿಲ್ಲ. ಗೇಟಿನಲ್ಲಿ ಬಿಡಲಿಲ್ಲ, ವಾಪಸು ಬಂದೆ, ನಿನಗೆ ಹೇಳಲಿಲ್ಲ. ತಪ್ಪು ನನ್ನದು." ಅವಳ ಪ್ರೊಫೆಸರಿಗೂ ಅದನ್ನೇ ಬರೆದು, ಅವಳಿಗೆ ಏನೂ ಗೊತ್ತಿರಲಿಲ್ಲ ಎಂದು ಸೇರಿಸಿದೆ. ಅವರು ಸೌಜನ್ಯದಿಂದ ಉತ್ತರಿಸಿದರು. ಜೊತೆಗಾರರ ಕೆಲಸ ಆಗಿದೆಯೇ ಎಂದು ನೋಡಿಕೊಳ್ಳುವುದೂ ಪೇಪರಿನ ಭಾಗ, ನಿಯಮ ಬದಲಿಸಲಾಗದು ಎಂದರು.

ಹತ್ತು ದಿನ ಅವಳಿಂದ ಸುದ್ದಿಯಿಲ್ಲ. ಹನ್ನೊಂದನೆಯ ದಿನ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಮೆಸೇಜು ಬಂತು. "ಫೇಲಾದೆ. ಬೇರೆಯವರಿಂದ ನಿನಗೆ ಗೊತ್ತಾಗುವುದು ಬೇಡ ಎಂದು ನಾನೇ ಹೇಳುತ್ತಿದ್ದೇನೆ." ಬೈಗುಳವಿಲ್ಲ, ಏನಿಲ್ಲ. ಮನೆ ಕಡೆ ಹೋಗುವ ಎರಡು ಬೀಚ್ ಸ್ಟೇಷನ್ ರೈಲು ಬಂದು ಹೋದವು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಒಬ್ಬಳ ಒಂದು ವರ್ಷವನ್ನು ನಾನು ಕಳೆದಿದ್ದೆ, ಅದೂ ಬಹಳ ಮರ್ಯಾದೆಯಿಂದ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಂದೆರಡು ಸಲ ಬರೆಯಲು ಕೂತು, ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಸುಮ್ಮನಾದೆ. ಶನಿವಾರ ಸಂಜೆಗಳಲ್ಲಿ ಏನು ಮಾಡುವುದೆಂದು ತಿಳಿಯದೆ ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ.

ಕೊನೆಯ ವರ್ಷ ಶುರುವಾದ ಮೇಲೆ ಒಂದು ದಿನ, ಆ ಕೋರ್ಸು ನೋಡಿಕೊಳ್ಳುತ್ತಿದ್ದ ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಪೋಲೆಂಡಿನಲ್ಲಿ ಈ ಪೇಪರನ್ನು ಮತ್ತೆ ತೆಗೆದುಕೊಳ್ಳುವವರು ಜೊತೆಗಾರರನ್ನು ತಾವೇ ಆರಿಸಿಕೊಳ್ಳಬಹುದಂತೆ. ಹೊಸ ತಂಡದ ಇಪ್ಪತ್ತೆಂಟು ಮಂದಿಯ ಪಟ್ಟಿ ಕಳಿಸಿದರೆ, ಒಬ್ಬಳು ಪಟ್ಟಿಯಲ್ಲೇ ಇಲ್ಲದ ನಿನ್ನನ್ನು ಕೇಳಿದ್ದಾಳೆ ಎಂದರು. "ಉನಕ್ಕು ಸರ್ಟಿಫಿಕೇಟ್ ಕೂಡ ವರಾದುಮ್ಮಾ. ಯೋಚನೆ ಪಣ್ಣಿ ಸೊಲ್ಲು." ಸರ್ಟಿಫಿಕೇಟೂ ಬರುವುದಿಲ್ಲ, ಯೋಚಿಸಿ ಹೇಳು ಎಂದು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅವಳು ತುಂಬಿದ್ದ ಅರ್ಜಿ ತೆರೆದಿತ್ತು. ಇವರನ್ನೇ ಆರಿಸಲು ಕಾರಣವೇನು ಎಂದು ಕೇಳಿದ್ದ ಜಾಗದಲ್ಲಿ ಅವಳು ಒಂದೇ ಸಾಲು ಬರೆದಿದ್ದಳು: ಇವಳು ಈಗ ನನಗೆ ಇಲ್ಲ ಎನ್ನುತ್ತಾಳೆ.