ಹೆಸರು ಕೂಗಿ ಕೆಟ್ಟ ಕೊಟ್ರೇಶ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ಚೌಕಿನಲ್ಲಿ ಕೊಟ್ರೇಶ ಆಟೋದ ಮೇಲೆ ಲೌಡ್‌ಸ್ಪೀಕರ್ ಕಟ್ಟಿ, ಮೈಕನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಾರೆ. ಇವತ್ತು ನಲ್ಲಿ ನೀರಿಲ್ಲ, ಪಕ್ಕದ ಮಕ್ತಲ್‌ನಲ್ಲಿ ಕಣ್ಣಿನ ಶಿಬಿರವಿದೆ, ಯಾರದೋ ಕರಿ ಮೇಕೆ ಕಾಣೆಯಾಗಿದೆ. ಊರಿಗೆ ಇದೆಲ್ಲ ಗೊತ್ತಾಗುವುದು ಇವರ ಬಾಯಿಂದಲೇ. ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕೂಗುತ್ತಾರೆ. ಮನೆಯಲ್ಲಿ ಚಹಾ ಕೇಳುವಾಗಲೂ ಎರಡು ಸಲ ಕೇಳುತ್ತಾರಂತೆ.

ಇತ್ತೀಚೆಗೆ ಇವರಿಗೆ ಇನ್ನೊಂದು ಕೆಲಸ ಗಂಟುಬಿದ್ದಿದೆ. ವೆಬ್‌ಸೈಟ್ ತೆರೆಯಬೇಕೆನ್ನುವ ಅಂಗಡಿಯವರು, ನೇಕಾರರು ಅದಕ್ಕಿಡುವ ಹೆಸರು ಹಿಡಿದು ಇವರ ಬಳಿ ಬರುತ್ತಾರೆ. ಯಾವ ಹೆಸರು ಜನರ ಬಾಯಲ್ಲಿ ನಿಲ್ಲುತ್ತದೆಂದು ದಿನವೂ ಕೂಗುವವರಿಗೆ ಗೊತ್ತಿರುತ್ತದಲ್ಲ.

“ಹೆಸರು ಒಂದ ಉಸಿರಿನಾಗ ಮುಗೀಬೇಕ್ರಿ. ಆಟೋ ತಗ್ಗಿಗೆ ಬಿದ್ದರೂ ತುಂಡಾಗಬಾರದು,” ಎನ್ನುತ್ತಾರೆ ಕೊಟ್ರೇಶ. ಮೊದಲೆಲ್ಲ ಬಜಾರಿನಲ್ಲಿ ಹೆಸರನ್ನು ಕೂಗಿ, ವಾಪಸು ಬರುವಾಗ ಮಿರ್ಚಿ ಬಜ್ಜಿ ಕರಿಯುವ ಅನ್ನಮ್ಮನನ್ನು ಆ ಹೆಸರು ಏನೆಂದು ಕೇಳುತ್ತಿದ್ದರು. ಆಕೆ ಬಾಣಲೆಯಿಂದ ಕಣ್ಣೆತ್ತದೆ ಹೇಳಿದರೆ ಹೆಸರು ಪಾಸು.

ಈ ಪರೀಕ್ಷೆಯೇ ಒಮ್ಮೆ ಅವರ ಮಾನ ಕಳೆಯಿತು. ಕೈಮಗ್ಗದ ರಜಿನಿ ತಮ್ಮ ಸೀರೆಗಳನ್ನು ತಾವೇ ಮಾರಲು ಹೊರಟಿದ್ದರು. “ನಾವು ನೇಯ್ದ ಸೀರಿ ಯಾರ್ಯಾರ್ದೋ ಹೆಸರಿನಾಗ ಹೋಗ್ತಾವ್ರಿ. ನಮ್ಮದಂತ ಒಂದು ಹೆಸರು ಬೇಕಿತ್ತು,” ಎನ್ನುತ್ತಾರೆ ಆಕೆ. ಮಾವ ಭೀಮಯ್ಯ ಹೇಳಿದ ಹೆಸರಿನಲ್ಲಿ ಮನೆದೇವರು, ಮುತ್ತಜ್ಜ, ಇಬ್ಬರು ಗಂಡುಮಕ್ಕಳು ಎಲ್ಲರೂ ಹತ್ತಿ ಕೂತಿದ್ದರು. ಕೊಟ್ರೇಶ ಎಲ್ಲರಿಗೂ ಕೈಮುಗಿದು ಕೆಳಗಿಳಿಸಿದರು. ಉಳಿದದ್ದು ‘ಪೇಟಂಚು ಡಾಟ್ ಕಾಮ್’. ನಾರಾಯಣಪೇಟೆಯ ಸೀರೆಗೆ ಅಂಚೇ ಅಂದ. ಅಂಚು ಎಂದರೆ ಕನ್ನಡಕ್ಕೂ ಆಯಿತು, ತೆಲುಗಿಗೂ ಆಯಿತು. ಬೆಳಿಗ್ಗೆ ಕೂಗಿದರು. ಅನ್ನಮ್ಮ ತಟ್ಟನೆ ಹೇಳಿದರು. ಸಂಜೆ ರಜಿನಿ ಹೆಸರು ಕೊಳ್ಳಲು ಫೋನ್ ತೆಗೆದರೆ ಅದು ಆಗಲೇ ಮಾರಾಟವಾಗಿತ್ತು. ಚೌಕಿನ ಬಟ್ಟೆ ಅಂಗಡಿಯ ಮೈಲಾರಲಿಂಗ ಷಟರ್ ಎತ್ತುವಾಗ ಕೇಳಿಸಿಕೊಂಡು, ಕೊಂಡೇಬಿಟ್ಟಿದ್ದರು.

“ನೀವ ಕೂಗಿದ್ರಿ, ನಾ ತಗೊಂಡೆ,” ಎಂದರಂತೆ.

ಕೊಟ್ರೇಶರಿಗೆ ಅನ್ನ ಸೇರಲಿಲ್ಲ. ಆ ಹೆಣ್ಣುಮಗಳಿಗೆ ಮುಖ ತೋರಿಸುವುದು ಹೇಗೆಂಬ ಸಂಕಟ. ಮರುದಿನ ನಸುಕಿನಲ್ಲೇ ಆಟೋವನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, ಮೇಕೆ ಕಳೆದಾಗ ಕೂಗುವ ಧಾಟಿಯಲ್ಲೇ ಶುರುಮಾಡಿದರು: “ಮಹಾಜನರಲ್ಲಿ ಮನವಿ. ಒಂದು ಹೆಸರು ತಪ್ಪಿಸಿಕೊಂಡೈತಿ. ಪೇಟಂಚು ಅಂತ. ಕೈಮಗ್ಗದ ರಜಿನಿಯವರ ಮನೀದು. ಸಿಕ್ಕವರು ಮುಟ್ಟಿಸಬೇಕ್ರಿ.”

ದಿನಾ ಇದೇ. ಗಿರಾಕಿಗಳು ಬೆಲೆ ಕೇಳುವ ಮೊದಲು “ಆ ಹೆಸರು ಸಿಕ್ತೇನ್ರಿ ಸಾವ್ಕಾರ್ರ?” ಎನ್ನತೊಡಗಿದರು. ವಾರ ತುಂಬುವುದರೊಳಗೆ ಮೈಲಾರಲಿಂಗ ತಾವೇ ರಜಿನಿಯ ಮನೆಗೆ ಹೋಗಿ ಹೆಸರು ಬಿಟ್ಟುಕೊಟ್ಟು, ಮುಖ ಉಳಿಸಿಕೊಳ್ಳಲು ಒಂದು ಸೀರೆಯನ್ನೂ ಕೊಂಡು ಬಂದರು.

ಈಗ ಕೊಟ್ರೇಶ ಯಾವ ಹೆಸರನ್ನೂ ಮೊದಲೇ ಮೈಕಿಗೆ ಕೊಡುವುದಿಲ್ಲ. ಕೇಳಿಕೊಂಡು ಮಲಗುತ್ತಾರೆ, ಬೆಳಿಗ್ಗೆ ತಾನಾಗಿ ನಾಲಿಗೆಗೆ ಬಂದರೆ ಪಾಸು. ಗದ್ವಾಲಿನಿಂದಲೂ ಜನ ಬರುತ್ತಿದ್ದಾರೆ. ಅವರು ತಂದ ಹೆಸರುಗಳು ಯಾವುವು ಎಂದು ಕೇಳುತ್ತೇನೆ. ಊರಿನ ಅತಿ ದೊಡ್ಡ ದನಿಯ ಮನುಷ್ಯ ಮೈಕು ಆರಿದೆಯೇ ಎಂದು ನೋಡಿಕೊಂಡು, ನನ್ನ ಕಿವಿಯ ಹತ್ತಿರ ಬರುತ್ತಾರೆ.

“ಹೊಟ್ಯಾಗ ಮೂರು ಹೆಸರು ಅದಾವ್ರಿ. ನನ್ನ ಹೆಂಡ್ತಿಗೂ ಹೇಳಿಲ್ಲ.”