ತೆರೆದ ಗೇಟಿನ ಮುಂದೆ

ನಾನು ಬರೆಯುತ್ತಿದ್ದದ್ದು ಕಗ್ಗದಾಸಪುರದ ರೈಲ್ವೆ ಗೇಟು ಹಾಕಿದಾಗ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರು ನಕ್ಕಾಗಲೆಲ್ಲ ಒಂದೊಂದು ವಿವರ ಸೇರಿಸಿದ್ದೇನೆ. ಸ್ಕೂಟರಿನ ಎಂಜಿನ್ ಆರಿಸುವುದು, ಹ್ಯಾಂಡಲ್ ಮೇಲೆ ಹಾಳೆ ಇಡುವುದು, ಗೂಡ್ಸ್ ರೈಲು ದಾಟುವಷ್ಟರಲ್ಲಿ ಅರ್ಧ ಪುಟ. ಹ್ಯಾಂಡಲ್ ಮೇಲೆ ಹಾಳೆ ನಿಲ್ಲುತ್ತದೆಯೇ? ಈಗ ಅನುಮಾನ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕಾದಂಬರಿ ಅರ್ಧ ಆಗಿತ್ತು ಎಂಬುದು ಮಾತ್ರ ನಿಜ. ಆಮೇಲೂ ಅದು ಅರ್ಧವೇ.

ಹಲಸೂರಿನ ಒಂದು ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತಿದ್ದೆ. ಹೆಂಡತಿ ಮರ್ಫಿ ಟೌನಿನಲ್ಲಿ ಟೀಚರ್. ಆಮೇಲೆ ಅವಳಿಗೆ ವಿಮಾನಪುರದ ಕಡೆ ಕೆಲಸ ಸಿಕ್ಕಿತು, ಬಸ್ಸಿನಲ್ಲಿ ಹೋಗತೊಡಗಿದಳು. ನನಗೆ ಮೊಬೈಲು ಬಂತು. ಗೇಟು ಬಿದ್ದರೆ ಜೇಬಿನಿಂದ ಅದನ್ನು ತೆಗೆದು, ಅದರಲ್ಲಿದ್ದ ಹಾವಿನ ಆಟವನ್ನು ಹಾವು ತನ್ನ ಬಾಲ ತಾನೇ ಕಚ್ಚುವವರೆಗೆ ಆಡುತ್ತಿದ್ದೆ. ಬರವಣಿಗೆ ನಿಂತದ್ದು ಗೊತ್ತಾಗಲೇ ಇಲ್ಲ. ಯಾರಾದರೂ ಕೇಳಿದರೆ "ನಡೀತಿದೆ" ಎನ್ನುತ್ತಿದ್ದೆ. ವರ್ಷಗಟ್ಟಲೆ ನಡೆದದ್ದು ಆ ಒಂದು ಪದ.

ಮತ್ತೆ ಬರೆಯಲು ಕೂತಾಗ ಕೈ ಓಡಲಿಲ್ಲ. ಒಂದು ವಾಕ್ಯ ಬರೆದು ಓದಿದರೆ ಒತ್ತು, ದೀರ್ಘದ ತಪ್ಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಗೇಟಿಗೇ ಹೋಗಬೇಕು ಅನ್ನಿಸಿತು. ಒಂದು ಭಾನುವಾರ ಹಾಳೆ ತೆಗೆದುಕೊಂಡು ಹೋದೆ. ಗೇಟು ತೆರೆದಿತ್ತು. ಸ್ಕೂಟರನ್ನು ಪಕ್ಕಕ್ಕೆ ಹಾಕಿ ಕಾದೆ.

ಗೇಟ್‌ಮ್ಯಾನ್ ಎದ್ದು ಬಂದ. "ಏನ್ ಸಾರ್, ಗಾಡಿ ಕೆಟ್ಟೋಯ್ತಾ?"

"ಇಲ್ಲ. ಗೇಟ್ ಹಾಕ್ಲಿ ಅಂತ ನಿಂತಿದೀನಿ."

"ತೆಗ್ದಿದೆ ಸಾರ್. ಹೋಗಿ."

"ಗೊತ್ತು. ಹಾಕೋದ್ ಯಾವಾಗ?"

"ಅಯ್ಯೋ ಸಾಮಿ! ಎಲ್ರೂ ತೆಗಿ ತೆಗಿ ಅಂತ ನಮ್ಮಪ್ಪನ ತನಕ ಬೈತಾರೆ. ಹಾಕು ಅಂತ ಬಂದೋರು ನೀವೊಬ್ರೇ." ಆಮೇಲೆ ದನಿ ತಗ್ಗಿಸಿದ. "ಮನೇಲಿ ಎಲ್ಲಾ ಸರಿ ಇದ್ಯಾ ಸಾರ್? ಹಳಿ ಹತ್ರ ಮಾತ್ರ ಹೋಗ್ಬೇಡಿ."

ಕೊನೆಗೆ ಗೇಟು ಬಿತ್ತು. ರೈಲು ಹೋಯಿತು. ಒಂದಕ್ಷರವೂ ಬರಲಿಲ್ಲ. ಗೇಟ್‌ಮ್ಯಾನ್ ಮಾತ್ರ ರೈಲನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು. "ಗೇಟಲ್ಲಿ ನೀವೆಲ್ಲಿ ಬರೀತಿದ್ರಿ? ನಾನ್ ಹಿಂದೆ ಕೂತ್ಕೊಂಡು ಹೇಳ್ತಿದ್ದೆ. ನೀವು ಕೇಳಿಸ್ಕೊಂಡು, ಪ್ರೆಸ್ಸಿಗೆ ಹೋಗಿ ಬರ್ಕೋತಿದ್ರಿ."

ನನ್ನ ನೆನಪಿನ ಸ್ಕೂಟರಿನಲ್ಲಿ ಹಿಂದಿನ ಸೀಟು ಖಾಲಿ. ಆದರೆ ಕಗ್ಗದಾಸಪುರ ಅವಳ ಊರು. ಈ ಮನೆಗಳೆಲ್ಲ ಏಳುವ ಮೊದಲು ಅವಳ ಮನೆಯವರು ಇಲ್ಲಿ ರಾಗಿ ಬೆಳೆದವರು. ಕಾದಂಬರಿಯಲ್ಲಿರುವುದೂ ರಾಗಿ, ಕಣ, ಒಂದು ಬಾವಿ. ಹಳೆಯ ಹಾಳೆ ತೆಗೆದು ನೋಡಿದೆ. ಯಾವುದು ಅವಳು ಹೇಳಿದ್ದು, ಯಾವುದು ನಾನು ಕಟ್ಟಿದ್ದು, ತಿಳಿಯಲಿಲ್ಲ. ಅವಳನ್ನೂ ಪೂರ್ತಿ ನಂಬುವಂತಿಲ್ಲ. ಸ್ಕೂಟರು ಹಸಿರು ಬಣ್ಣದ್ದು ಎನ್ನುತ್ತಾಳೆ, ಅದು ಬೂದು.

ಮುಂದಿನ ಭಾನುವಾರ ಅವಳನ್ನು ಹಿಂದೆ ಕೂರಿಸಿಕೊಂಡು ಹೋದೆ. ನಮ್ಮೆದುರೇ ಗೇಟು ಬಿತ್ತು.

"ಹೇಳು," ಎಂದೆ.

"ಏನ್ ಹೇಳ್ಲಿ?"

"ಆಗ ಹೇಳ್ತಿದ್ಯಲ್ಲ. ಯಾರ ಹೊಲ ಎಲ್ಲಿತ್ತು, ಬಾವಿ ಎಲ್ಲಿತ್ತು."

ಅವಳು ಸುತ್ತ ನೋಡಿದಳು. ಎಲ್ಲ ಕಡೆ ಬಾಲ್ಕನಿಗಳು, ಒಣಗಲು ಹಾಕಿದ ಬಟ್ಟೆ. "ದೊಡ್ಡಪ್ಪನ ಬಾವಿ ಆ ಕಡೆ... ಅಲ್ಲ, ಈ ಕಡೆನೋ ಏನೋ. ನೆನಪೇ ಬರ್ತಿಲ್ಲ ಕಣ್ರೀ. ನಿಮ್ ಕಾದಂಬ್ರೀಲೇ ಬರ್ದಿದೀರಲ್ಲ, ಅದನ್ನೇ ನೋಡ್ಕೊಳ್ಳಿ. ಹಳಿ ಈಚೆ ಅಂತ ಇದ್ಯಲ್ಲ, ಅದೇ ಸರಿ."

ಬಾವಿಯನ್ನು ಹಳಿಯ ಈಚೆಗೆ ತಂದವನು ನಾನು. ಕಾದಂಬರಿಯ ಮುದುಕಿಯೊಬ್ಬಳು ಬೇಗ ನೀರಿಗೆ ಹೋಗಿಬರಬೇಕಿತ್ತು, ಅಷ್ಟಕ್ಕೆ. ಅದೊಂದು ಚೆನ್ನಾಗಿ ನೆನಪಿದೆ. ಅಥವಾ ಇದೂ ಈಗ ಸೇರಿಸಿಕೊಂಡದ್ದೋ.

ರೈಲು ಹೋಯಿತು, ಗೇಟು ಎದ್ದಿತು. ಕೈಯಲ್ಲಿ ಹಾಳೆ ಹಾಗೇ ಇತ್ತು. ಹಿಂದಿನಿಂದ ಆಟೋದವನು ಕೂಗಿದ: "ಏಯ್ ಗುರು, ಫೋಟೋ ತೆಗೀಬೇಕಾ? ನಡಿಯಪ್ಪಾ!"

"ನಡೀರಿ," ಅಂದಳು ಅವಳು.

ಮನೆಗೆ ಬಂದು ಹಸ್ತಪ್ರತಿಯಲ್ಲಿ 'ಬಾವಿ' ಎಂದಿದ್ದಲ್ಲಿ ಅಡ್ಡಗೆರೆ ಹೊಡೆದೆ. ಕರಡು ತಿದ್ದುವ ಕೈ, ಗೆರೆ ನೇರವಾಗಿ ಬಂತು. ಮಧ್ಯಾಹ್ನವೆಲ್ಲ ಅದರ ಜಾಗಕ್ಕೆ ಇನ್ನೊಂದು ಪದ ಹುಡುಕುತ್ತ ಕೂತೆ. ಸಿಗಲಿಲ್ಲ. ಮುಂದಿನ ಪುಟಗಳಲ್ಲಿ ಮಾತ್ರ ಜನ ಬಿಂದಿಗೆ ಹಿಡಿದು ಅಲ್ಲಿಗೇ ಬರುತ್ತಿದ್ದಾರೆ.