ಪ್ರೊಫೆಸರರ ರಾಜೂರ ಮನೆ

ನನ್ನ ಭಾವ ಗುರುಸಂಗಪ್ಪ ಧಾರವಾಡದ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಪ್ರೊಫೆಸರ್. ಗಜೇಂದ್ರಗಡದ ನೇಕಾರ ಓಣಿಯಿಂದ ಕೋಟು ಹಾಕಿಕೊಂಡು ಹೊರಬಿದ್ದ ಮೊದಲ ಮನುಷ್ಯ. ಅವನು ಬಿ.ಎ. ಪಾಸಾದ ದಿನ ಅವನ ತಾಯಿ ಹೊಳೆವ್ವ ಮನೆಯ ಮಗ್ಗವನ್ನು ಒಡೆದು ಒಲೆಗೆ ಹಾಕಿ, ಅದೇ ಉರಿಯಲ್ಲಿ ಹೋಳಿಗೆ ಮಾಡಿ ಓಣಿಗೆಲ್ಲ ಉಣಬಡಿಸಿದಳು. ನೇಕಾರರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಮಣ್ಣು ತುಂಬಿಸಿ, ಅದರ ಮೇಲೆ ನಿಂತು ಹೇಳಿದಳು: “ನನ್ನ ಮಗ ಇನ್ನ ಕುಣಿಗೆ ಇಳದ್ರ ನಾ ಬಾವಿಗೆ ಇಳೀತೀನಿ.” ಆಡಿದ್ದನ್ನು ಮಾಡುವ ಹೆಂಗಸು. ಯಾರೂ ನಗಲಿಲ್ಲ.

ಮುಂದೆ ವಯಸ್ಸು ಐವತ್ತೈದರ ಸುಮಾರಿಗೆ, ಕಾಲೇಜಿನ ಸೂಟಿಗೆ ಊರಿಗೆ ಬಂದಾಗಲೆಲ್ಲ ಭಾವ ಮುಂಜಾನೆ ಚಾ ಕುಡಿದವನೇ ಪಕ್ಕದ ರಾಜೂರಿಗೆ ನಡೆಯತೊಡಗಿದ. ಅಲ್ಲಿ ಚೌಡವ್ವನೆಂಬ ವಿಧವೆಯ ಮನೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾನೆಂದು ಸುದ್ದಿ. ಕಡಲೆ ವ್ಯಾಪಾರಿ ಈಶಪ್ಪ ಕಿಟಕಿಗೆ ಕಿವಿಯಿಟ್ಟು ಬಂದು ಪೇಟೆಗೆಲ್ಲ ಸಾರಿದ: “‘ಚೌಡವ್ವಾ, ಸೆರಗ ಸಡ್ಲ ಆಗೇತಿ, ನೀ ಆ ಕಡೆ ಹಿಡಿ, ನಾ ಈ ಕಡೆ ಜಗ್ಗತೀನಿ’ ಅಂತ ಸಾಹೇಬ್ರು ಒದರಾಕತ್ತಿದ್ರು. ನನ್ನ ಕಿವೀಲೆ ಕೇಳೀನ್ರಿ!”

ಭಾವನ ಹೆಂಡತಿ, ನನ್ನಕ್ಕ ಹೊನ್ನವ್ವ, ಕಾಲಿನ ಕೆರ ಕೈಯಲ್ಲಿ ಹಿಡಿದು ರಾಜೂರಿಗೆ ಹೊರಟಳು. ಹಬ್ಬಕ್ಕೆ ಬಂದಿದ್ದ ನಾನೂ ಬೆನ್ನು ಹತ್ತಿದೆ. ಬಾಗಿಲು ದೂಡಿದರೆ, ಭಾವ ಧೋತರ ಎತ್ತಿ ಕಟ್ಟಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಾನೆ! ಸೆರಗಿನ ಎಳೆಗಳನ್ನು ಸೀರೆಯ ಒಡಲಿಗೆ ಕೂಡಿಸಲು ನಾಲ್ಕು ಕೈ ಬೇಕು, ಅದಕ್ಕೇ ಚೌಡವ್ವ. ಅವಳಿಗೆ ಕಿವಿ ಮಂದ, ಅದಕ್ಕೇ ಒದರಾಟ. ಕಡಲೆ ತೂಗುವವನಿಗೆ ಇದೆಲ್ಲಿ ತಿಳಿಯಬೇಕು, ಸುಡುಗಾಡು!

“ಹೊನ್ನಿ, ಇದರಾಗ ಕುಂತ ಬಂದ್ರನ ನನಗ ಊಟ ರುಚಿ ಹತ್ತತೈತಿ. ಅವ್ವಗ ಹೇಳಬ್ಯಾಡ,” ಎಂದು ತರ್ಕಶಾಸ್ತ್ರದ ಪ್ರೊಫೆಸರ್ ಹೆಂಡತಿಗೆ ಕೈ ಮುಗಿದ.

ಮನೆಗೆ ಬಂದರೆ ಹೊಳೆವ್ವ ಹೊಸ್ತಿಲಲ್ಲೇ ಕೂತಿದ್ದಳು. ಮುಖ ಕಪ್ಪಿಟ್ಟಿತ್ತು.

“ಖರೇ ಹೇಳು. ಅಲ್ಲಿ ಏನ ನಡದೈತಿ?”

ಅಕ್ಕ ಹಿತ್ತಿಲ ಬಾವಿಯ ಕಡೆ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

“ಮಂದಿ ಅನ್ನೂದು ಖರೇ ಐತ್ರಿ ಅತ್ತಿ. ಇಟ್ಕೊಂಡಾರ.”

ಇಷ್ಟು ಹೇಳಿ ಕೈಯಲ್ಲಿದ್ದ ಕೆರವನ್ನು ಹೊಸ್ತಿಲ ಹೊರಗೆ ಬಿಟ್ಟಳು.

ಹೊಳೆವ್ವ ದೊಡ್ಡದಾಗಿ ಉಸಿರು ಬಿಟ್ಟಳು. “ಹೆಣ್ಣ ಹೌದಲ್ಲ? ಶಿವಾ, ಉಳಿಸಿದಿ! ಎಲ್ಲಿ ಮಗ್ಗಕ್ಕ ಕುಂತಾನೋ ಅಂತ ಮುಂಜಾನಿಂದ ಹನಿ ನೀರ ಕುಡದಿಲ್ಲ ನಾ. ಗಂಡಸರಂದ ಮ್ಯಾಲ ಅದೆಲ್ಲಾ ಇರೂದ. ಹೋಗು, ಲಗೂ ರೊಟ್ಟಿ ಬಡಿ.”

ಅಕ್ಕ ಬಡಿದಳು. ರೊಟ್ಟಿ ಬಡಿಯುವ ಅಂಥ ಸಪ್ಪಳವನ್ನು ಆ ಓಣಿ ಹಿಂದೆಂದೂ ಕೇಳಿರಲಿಲ್ಲ. ಮುದುಕಿ ಎರಡು ಹೆಚ್ಚೇ ತಿಂದಳು, ಮತ್ತೆ ಬಹಳ ವರ್ಷ ಗಟ್ಟಿಯಾಗಿ ಬದುಕಿದಳು. ಅಷ್ಟೂ ವರ್ಷ ನನ್ನಕ್ಕ ಊರ ಕಣ್ಣಿಗೆ ಸವತಿ ಇದ್ದವಳು.